ಹುರುಳಿಕಾಳಿಗೆ ರಕ್ತದ ಗುಂಪು ಹೇಗೆ ಗೊತ್ತು?

ಗಿಡಕ್ಕೆ ರಕ್ತವೇ ಇಲ್ಲದಿರುವಾಗ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವ ಲೆಕ್ಟಿನ್ ಎಂಬ ಪ್ರೋಟೀನು ಅದಕ್ಕೇಕೆ ಎಂದು ಕೇಳಿದ್ದೀರಿ. ಬೆಂಗಳೂರಿನ ಒಂದು ರಕ್ತನಿಧಿಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನನ್ನೂ ಇದೇ ಪ್ರಶ್ನೆ ಕಾಡಿತ್ತು. ಎ ರಕ್ತದ ಗುಂಪಿನ ಎ1 ಮತ್ತು ಎ2 ಉಪಗುಂಪುಗಳನ್ನು ಬೇರ್ಪಡಿಸಲು ನಾವು ಬಳಸುವುದು ಹುರುಳಿಕಾಳಿನ ಲೆಕ್ಟಿನ್. ಊಟದ ಡಬ್ಬಿಯಲ್ಲಿ ಹುರುಳಿಕಟ್ಟಿನ ಸಾರು, ಮೇಜಿನ ಮೇಲೆ ಹುರುಳಿಯದೇ ದ್ರಾವಣ!

1888ರಲ್ಲಿ ಸ್ಟಿಲ್‌ಮಾರ್ಕ್ ಎಂಬವರು ಹರಳುಬೀಜದ ಸಾರಕ್ಕೆ ರಕ್ತಕಣಗಳು ಮುದ್ದೆಯಾಗುವುದನ್ನು ಕಂಡರು. ಅಂದಿನಿಂದ ಈ ಪ್ರೋಟೀನುಗಳಿಗೆ ರಕ್ತದ ನಂಟು ಅಂಟಿಕೊಂಡಿದೆ. ಅಸಲಿಗೆ ಅವು ಗುರುತಿಸುವುದು ಸಕ್ಕರೆಯನ್ನು. ರಕ್ತಕಣದ ಮೈಮೇಲಿರುವ ಸಕ್ಕರೆ ಸರಪಳಿಯ ತುದಿ ಅವುಗಳ ಹಿಡಿತಕ್ಕೆ ಒಗ್ಗಿದ್ದು ಕಾಕತಾಳೀಯ.

ಗಿಡದಲ್ಲಿ ಇವುಗಳ ಕೆಲಸ ಒಂದೇ ಅಲ್ಲ. ನನಗೆ ಬಹಳ ಹಿಡಿಸುವುದು ಕೋಶಪೊರೆಯ ಮೇಲಿನ ಕಾವಲು. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಎಂಬ ಸಕ್ಕರೆ ಸರಪಳಿ ಇರುತ್ತದೆ. ಅದರ ತುಣುಕು ತಗುಲಿದೊಡನೆ ಭತ್ತದ ಕೋಶಪೊರೆಯಲ್ಲಿ ಗ್ರಾಹಕಗಳಾಗಿ, ಎಂದರೆ ಸಂಕೇತ ಹಿಡಿಯುವ ಪ್ರೋಟೀನುಗಳಾಗಿ, ನಿಂತ ಲೆಕ್ಟಿನ್‌ಗಳು ಶತ್ರು ಬಂದನೆಂದು ಸಾರುತ್ತವೆ. ಸ್ವಾರಸ್ಯವೆಂದರೆ, ದ್ವಿದಳ ಸಸ್ಯಗಳ ಬೇರಿಗೆ, ಅವಕ್ಕೆ ಸಾರಜನಕ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಕಳಿಸುವ ಸಂಕೇತದ ಬೆನ್ನೆಲುಬೂ ಕೈಟಿನ್‌ನದೇ. ಜೊತೆಗೊಂದು ಕೊಬ್ಬಿನ ಬಾಲವಿರುತ್ತದೆ. ಅದೇ ಕುಟುಂಬಕ್ಕೆ ಸೇರಿದ ಬೇರೆ ಗ್ರಾಹಕಗಳು ಅದನ್ನು ನೆಂಟನೆಂದು ಓದಿ, ಬೇರುಗಂಟು ಕಟ್ಟಲು ಅನುವು ಮಾಡಿಕೊಡುತ್ತವೆ.

ಕೋಶದೊಳಗೂ ಕೆಲಸವುಂಟು. ಹೊಸದಾಗಿ ತಯಾರಾದ ಅನೇಕ ಪ್ರೋಟೀನುಗಳಿಗೆ ಸಕ್ಕರೆಯ ಚೀಟಿ ಕಟ್ಟಿರುತ್ತದೆ. ಕ್ಯಾಲ್ನೆಕ್ಸಿನ್ ಎಂಬ ಲೆಕ್ಟಿನ್ ಆ ಚೀಟಿ ಹಿಡಿದುಕೊಂಡು, ಪ್ರೋಟೀನು ಸರಿಯಾದ ಆಕಾರಕ್ಕೆ ಮಡಚಿಕೊಳ್ಳುವವರೆಗೆ ಮುಂದೆ ಬಿಡುವುದಿಲ್ಲ. ಇದು ನಮ್ಮ ಕೋಶಗಳಲ್ಲೂ ನಡೆಯುವಂಥದ್ದೇ. ತಂಬಾಕಿನ ಎಲೆಯನ್ನು ಹುಳು ಕಡಿದರೆ, ಅದುವರೆಗೆ ಕಾಣದಿದ್ದ ಒಂದು ಲೆಕ್ಟಿನ್ ಕೋಶದ್ರವದಲ್ಲೂ ಕೋಶಕೇಂದ್ರದಲ್ಲೂ ಕಾಣಿಸಿಕೊಳ್ಳುತ್ತದೆ.

ಇನ್ನು ಬೀಜದ ಲೆಕ್ಟಿನ್‌ಗಳು. ಅವು ಮೊಳಕೆಗೆ ಸಾರಜನಕದ ದಾಸ್ತಾನು, ಜೊತೆಗೆ ಕದ್ದು ತಿನ್ನುವವರಿಗೆ ಶಿಕ್ಷೆ. ಹುಳುವಿನ ಕರುಳಿನ ಸಕ್ಕರೆಗಳಿಗೆ ಅಂಟಿ ಜೀರ್ಣಕ್ರಿಯೆ ಕೆಡಿಸುತ್ತವೆ. ಅರೆಬೆಂದ ರಾಜ್ಮಾ ತಿಂದು ವಾಂತಿ ಮಾಡಿಕೊಂಡವರಿಗೆ ಇದರ ಅನುಭವವಿದೆ. ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಕುದಿಸಿದರೆ ಭಯವಿಲ್ಲ. ಹಲಸಿನ ಬೀಜದಲ್ಲೂ ಜಕಾಲಿನ್ ಎಂಬ ಲೆಕ್ಟಿನ್ ಇದೆ. 1996ರಲ್ಲಿ ಅದರ ರಚನೆಯನ್ನು ಬಿಡಿಸಿದ್ದು ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ.

ಮತ್ತೆ ಹುರುಳಿಗೆ ಬರುತ್ತೇನೆ. ನಾವು ರಕ್ತಪರೀಕ್ಷೆಗೆ ಬಳಸುವುದು ಅದರ ಬೀಜದ ಲೆಕ್ಟಿನ್. ಬೇರಿನಲ್ಲಿ ಬೇರೆಯದೇ ಒಂದಿದೆ. ಅದು ರೈಜೋಬಿಯಂನ ಸಂಕೇತಕ್ಕೆ ಅಂಟುತ್ತದೆಂದು 1999ರಲ್ಲಿ ವರದಿಯಾಯಿತು.