ಫಿನಾಯಿಲ್ ವಾಸನೆ ಬಂದ್ರೆ ಮನೆ ಸ್ವಚ್ಛ ಆಯ್ತಾ?

ಮುಂಬೈನಿಂದ ಬಂದ ಎರಡು ಪ್ರಶ್ನೆಗಳಿಗೆ ಸೋಂಕು ತಡೆ ವಿಭಾಗದ ನರ್ಸ್ ಒಬ್ಬರ ಉತ್ತರ.

ಪ್ರಶ್ನೆ: ಸಿಸ್ಟರ್, ನಮ್ಮದು ವಿಜಯಪುರದ ಕಡೆ. ಅವ್ವನಿಗೆ ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ಕ್ಯಾನ್ಸರ್‌ಗೆ ಕೀಮೋ ನಡೀತಿದೆ. ಶಿವಡಿಯ ಚಾಳಿನ ಒಂದು ಖೋಲಿಯಲ್ಲಿ ಐದು ಜನ ಇದ್ದೇವೆ. ಸಂಡಾಸು ಎಲ್ಲರಿಗೂ ಸೇರಿ ಒಂದೇ, ನೀರು ಬೆಳಿಗ್ಗೆ ಮಾತ್ರ. ದಿನಕ್ಕೆ ಎರಡು ಸಲ ಫಿನಾಯಿಲ್ ಹಾಕಿ ನೆಲ ಒರೆಸುತ್ತೇನೆ. ಆದರೂ ಎರಡನೇ ಕೀಮೋ ಆದಮೇಲೆ ಭೇದಿ, ಜ್ವರ ಬಂದು ಅಡ್ಮಿಟ್ ಮಾಡಬೇಕಾಯ್ತು. ನಾನು ಎಲ್ಲಿ ತಪ್ಪಿದೆ?

ಉತ್ತರ: ನೀವು ತಪ್ಪಿದಿರಿ ಅಂತ ಹೇಳೋಕಾಗಲ್ಲ. ಭೇದಿ ಕೀಮೋ ಔಷಧಿಯಿಂದಲೂ ಆಗುತ್ತದೆ. ಆದರೆ ನಿಮ್ಮ ಶ್ರಮವೆಲ್ಲ ನೆಲಕ್ಕೆ ಹೋಗುತ್ತಿದೆ. ಅವ್ವ ಊಟ ಮಾಡೋದು ನೆಲದಿಂದಲ್ಲ, ಕೈಯಿಂದ, ಅಲ್ವಾ?

ಇಂಥ ಖೋಲಿಗಳಿಗೆ ಹೋದಾಗ ನಾನು ಮೊದಲು ನೋಡೋದು ನೀರಿನ ಡ್ರಮ್ಮು. ಬೆಳಿಗ್ಗೆ ತುಂಬಿಸಿಡ್ತಾರೆ. ಆಮೇಲೆ ಒಬ್ಬರಾದಮೇಲೆ ಒಬ್ಬರು ಚೊಂಬು ಮುಳುಗಿಸ್ತಾರೆ. ಮಧ್ಯಾಹ್ನದ ಹೊತ್ತಿಗೆ ನೀರು ಇಳಿದು, ಕೈ ಮೊಣಕೈವರೆಗೆ ಒಳಗೆ ಹೋಗುತ್ತದೆ, ಬಳೆ, ಉಂಗುರ ಸಮೇತ. ಸಂಡಾಸಿಗೆ ಹೋಗಿ ಬಂದವರ ಕೈಯೂ ಅದೇ ಡ್ರಮ್ಮಿಗೆ. ಇದಕ್ಕೆ ಫಿನಾಯಿಲ್ ಏನು ಮಾಡೀತು?

ಅವ್ವನ ಕುಡಿಯುವ ನೀರನ್ನು ಬೇರೆ ಮಾಡಿ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಇನ್ನೂ ಒಂದು ನಿಮಿಷ ಬಿಟ್ಟು ಇಳಿಸಿ. ಆರಿದ ಮೇಲೆ ನಲ್ಲಿ ಇರುವ, ಮುಚ್ಚಳ ಇರುವ ಕ್ಯಾನಿಗೆ ಹಾಕಿ. ಅದರೊಳಗೆ ಯಾರ ಕೈಯೂ, ಯಾವ ಲೋಟವೂ ಇಳಿಯಬಾರದು. ಡ್ರಮ್ಮಿಗೂ ಉದ್ದ ಹಿಡಿಯ ಸೌಟು ಒಂದಿರಲಿ.

ಎರಡನೆಯದು, ಬಾಗಿಲ ಹಿಂದೆ ನೇತಾಡುವ ಟವೆಲ್. ಐದೂ ಜನ ಅದಕ್ಕೇ ಕೈ ಒರೆಸೋದಾದ್ರೆ ಸೋಪು ಹಚ್ಚಿ ತೊಳೆದದ್ದು ದಂಡ. ಅವ್ವನಿಗೆ ಬೇರೆ ಟವೆಲ್ ಕೊಡಿ, ಬಿಸಿಲಿಗೆ ಒಣಗಿಸಿ. ಕೈಯನ್ನು ಸೋಪು ಹಚ್ಚಿ 20 ಸೆಕೆಂಡು ಉಜ್ಜಬೇಕು. ಬೆರಳ ಸಂದು, ಉಗುರಿನ ತುದಿ, ಹೆಬ್ಬೆರಳು ಬಿಡಬೇಡಿ. ಹೆಬ್ಬೆರಳನ್ನು ನರ್ಸುಗಳೇ ಮರೀತಾರೆ! ಸ್ಯಾನಿಟೈಸರ್ ಆದರೆ ಆಲ್ಕೋಹಾಲ್ ಶೇ 60ಕ್ಕಿಂತ ಕಡಿಮೆ ಇರಬಾರದು. ಆದರೆ ವಾಂತಿ, ಭೇದಿ ತರುವ ಕೆಲವು ವೈರಸ್‌ಗಳು ಅದಕ್ಕೆ ಬಗ್ಗಲ್ಲ. ಸಂಡಾಸಿಗೆ ಹೋಗಿ ಬಂದಮೇಲೆ, ಅಡುಗೆಗೆ ಮುಂಚೆ ಸೋಪೇ ಬೇಕು.

ಊರಿನಿಂದ ನೆಂಟರು ನೋಡೋಕೆ ಬರ್ತಾರೆ, ಬೇಡ ಅನ್ನೋದು ಕಷ್ಟ. ನೆಗಡಿ, ಕೆಮ್ಮು ಇದ್ದವರನ್ನು, ಮೈಮೇಲೆ ಗುಳ್ಳೆ ಎದ್ದ ಮಕ್ಕಳನ್ನು ಮಾತ್ರ ಮುಲಾಜಿಲ್ಲದೆ ಹೊರಗಿಂದಲೇ ಕಳಿಸಿ. ಫೋನಲ್ಲಿ ಮಾತಾಡಲಿ. ಹೊರಗೆ ಹೆಚ್ಚಿಟ್ಟ ಹಣ್ಣು, ಪಾನಿಪುರಿ, ಹಸಿ ಚಟ್ನಿ ಸದ್ಯಕ್ಕೆ ಬೇಡ. ಕೀಮೋ ಆದ ಎರಡು ದಿನ ಅವ್ವನ ವಾಂತಿ, ಮೂತ್ರದಲ್ಲಿ ಔಷಧಿಯ ಅಂಶ ಇರುತ್ತದೆ. ಗ್ಲೋವ್ಸ್ ಹಾಕಿಕೊಂಡೇ ಸ್ವಚ್ಛ ಮಾಡಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಕೀಮೋ ಕೊಟ್ಟ ಸುಮಾರು 7ರಿಂದ 14 ದಿನದೊಳಗೆ ಬಿಳಿ ರಕ್ತಕಣ ತೀರಾ ಕಡಿಮೆ ಆಗುತ್ತವೆ. ‘ಕೌಂಟ್ ಇಳಿದಿದೆ’ ಅಂತಾರಲ್ಲ, ಅದೇ. ಆಗ ಸೋಂಕು ಆದರೂ ಬಾವು, ಕೀವು ಕಾಣದೇ ಇರಬಹುದು. ಜ್ವರವೊಂದೇ ಸುಳಿವು. ಹಾಗಾಗಿ ಮನೇಲಿ ಥರ್ಮಾಮೀಟರ್ ಇರಲೇಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೋ, ರಾತ್ರಿ ಎರಡು ಗಂಟೆಯಾದರೂ ಸರಿ, ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೋಗಿ. ಡಾಕ್ಟರನ್ನು ಕೇಳದೆ ಸುಮ್ನೆ ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಬೇಡಿ. ಜ್ವರ ಅಡಗುತ್ತದೆ, ಸೋಂಕು ಅಡಗಲ್ಲ.

ಪ್ರಶ್ನೆ: ನನಗೆ 56, ಶುಗರ್ ಇದೆ. ದಾದರಿನಲ್ಲಿ ಹೋಟೆಲ್ ಕೆಲಸ. ಮಳೆ ಬಂದಾಗ ಹಿಂದಮಾತಾ ಹತ್ತಿರ ಮೊಣಕಾಲು ನೀರಲ್ಲಿ ನಡೆದೇ ರೂಮಿಗೆ ಹೋಗ್ತೇನೆ. ಹಿಮ್ಮಡಿ ಬಿರುಕು ಬಿಟ್ಟಿದೆ. ಬಿಸಿನೀರಲ್ಲಿ ಕಾಲಿಟ್ಟರೆ ಸಾಕಾ?

ಉತ್ತರ: ಬಿಸಿನೀರು ಬೇಡವೇ ಬೇಡ. ಶುಗರ್ ಇದ್ದವರ ಕಾಲಿಗೆ ಸ್ಪರ್ಶ ಕಡಿಮೆ ಇರಬಹುದು, ಸುಟ್ಟರೂ ಗೊತ್ತಾಗಲ್ಲ. ಉಗುರು ಬೆಚ್ಚಗಿನ ನೀರು, ಸೋಪು ಸಾಕು. ಬೆರಳ ಸಂದು ಪೂರ್ತಿ ಒಣಗಿಸಿ. ದಿನಾ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿ.

ನಿಂತ ನೀರಿನಲ್ಲಿ ಇಲಿ, ನಾಯಿಗಳ ಮೂತ್ರ ಬೆರೆತಿರುತ್ತದೆ. ಅದರಲ್ಲಿರುವ ಲೆಪ್ಟೊಸ್ಪೈರಾ ರೋಗಾಣು ಬಿರುಕಿನಿಂದಲೇ ಒಳಗೆ ಹೋಗಿ ಇಲಿಜ್ವರ ತರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಿತ್ತಲ್ಲ, ಆಮೇಲೆ ಮುಂಬೈನಲ್ಲಿ ಈ ಜ್ವರ ಹಬ್ಬಿತ್ತು. ಗಮ್‌ಬೂಟ್ ಹಾಕಿ. ನೀರಿಗೆ ಇಳಿಯಲೇಬೇಕಾಯ್ತು ಅಂದ್ರೆ 72 ಗಂಟೆಯೊಳಗೆ ಮಹಾನಗರ ಪಾಲಿಕೆಯ ದವಾಖಾನೆಗೆ ಹೋಗಿ. ಡಾಕ್ಟರ್ ನೋಡಿ, ಬೇಕಿದ್ದರೆ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ ಕೊಡುತ್ತಾರೆ. ಮೆಡಿಕಲ್‌ನಲ್ಲಿ ನೀವೇ ಕೊಂಡು ನುಂಗಬೇಡಿ.

ಮುಂದಿನ ಮೂರ್ನಾಲ್ಕು ವಾರದಲ್ಲಿ ಜ್ವರ, ಮೀನಖಂಡದಲ್ಲಿ ಜೋರು ನೋವು, ಕಣ್ಣು ಕೆಂಪಾಗುವುದು ಏನೇ ಕಂಡರೂ ಹೋಗಿ ತೋರಿಸಿ. ನೀರಲ್ಲಿ ನಡೆದದ್ದನ್ನು ನೀವೇ ಮೊದಲು ಹೇಳಿ. ಮಳೆಗಾಲದ ಕ್ಯೂನಲ್ಲಿ ಡಾಕ್ಟರ್ ಕೇಳೋಕೆ ಮರೆಯಬಹುದು.