ಹಿಂದಿನ ಸ್ಪೀಕರ್‌ಗೆ ಬೇರೆ ಸದ್ದು ಬೇಕೆ?

ಪ್ರಶ್ನೆ: ಅಗ್ಗದ 4.1 ಸ್ಪೀಕರ್ (ನಾಲ್ಕು ಸ್ಪೀಕರ್, ಒಂದು ಸಬ್‌ವೂಫರ್) ಕೊಂಡೆ. ಕಂಪ್ಯೂಟರ್‌ಗೆ ಹೋಗುವುದು ಒಂದೇ ಹಸಿರು ಪಿನ್. ಬೆನ್ನ ಹಿಂದೆಯೂ ಮುಂದಿನ ಸದ್ದೇ ಕೇಳುತ್ತದೆ. ಅಂಗಡಿಯವರು ‘ಸರೌಂಡ್’, ಅಂದರೆ ಸುತ್ತಲಿಂದಲೂ ಬೇರೆಬೇರೆ ಸದ್ದು, ಎಂದಿದ್ದರು. ಮೋಸಹೋದೆನೇ?
– ಓದುಗರು, ಶಿವಮೊಗ್ಗ

ಉತ್ತರ: ಅರ್ಧ ಮೋಸ. 3.5 ಮಿ.ಮೀ. ಪಿನ್ನಿನಲ್ಲಿ ಎಡ, ಬಲ ಮತ್ತು ಇವೆರಡಕ್ಕೂ ಸೇರಿದ ಗ್ರೌಂಡ್, ಇಷ್ಟೇ. ಪೆಟ್ಟಿಗೆಯ ಮೇಲಿನ 4 ಎಂಬುದು ಡಬ್ಬಿಗಳ ಲೆಕ್ಕ, ಸದ್ದಿನದಲ್ಲ!

1970ರ ದಶಕದಲ್ಲಿ ಅಮೆರಿಕದ ಆಡಿಯೊ ಎಂಜಿನಿಯರ್ ಡೇವಿಡ್ ಹ್ಯಾಫ್ಲರ್ ಜನಪ್ರಿಯಗೊಳಿಸಿದ ಉಪಾಯವೊಂದಿದೆ. ಹಿಂದಿನ ಸ್ಪೀಕರನ್ನು ಆಂಪ್ಲಿಫೈಯರ್‌ನ ಎಡ-ಬಲಗಳ ಪ್ಲಸ್ ತುದಿಗಳ ನಡುವೆ ಜೋಡಿಸಿದರೆ ಎರಡರ ವ್ಯತ್ಯಾಸ ಮಾತ್ರ ಕೇಳುತ್ತದೆ. ನಡುವೆ ನಿಂತ ಗಾಯಕಿಯ ದನಿ ಎರಡರಲ್ಲೂ ಸಮನಾಗಿರುವುದರಿಂದ ಅಳಿಸಿಹೋಗಿ, ಸಭಾಂಗಣದ ಮಾರ್ದನಿ, ಚಪ್ಪಾಳೆ ಉಳಿಯುತ್ತವೆ. ನನ್ನ ಹಳೆಯ ಸ್ಟೀರಿಯೋ ಆಂಪ್ಲಿಫೈಯರ್‌ನಲ್ಲಿ ಮಾಡಿ ನೋಡಿದಾಗ, ಸಂಗೀತ ಕಛೇರಿಯ ಹಿಂದಿನ ಸಾಲಿನಲ್ಲಿ ಕುಳಿತಂತಾಯಿತು. ಆದರೆ ನಿಮ್ಮ ಸ್ಪೀಕರ್ ಬಿಚ್ಚಬೇಡಿ. ಒಳಗಿನ ಪುಟ್ಟ ಚಿಪ್ ಹೆಚ್ಚಿನ ಹೊರೆ ತಾಳದೆ ಸುಟ್ಟೀತು.

ಡೆಸ್ಕ್‌ಟಾಪ್ ಹಿಂಬದಿಯಲ್ಲಿ ಹಿಂದಿನ ಸ್ಪೀಕರ್‌ಗೆಂದೇ ಕಪ್ಪು ತೂತು ಇದ್ದರೆ, ಮನೆಯಲ್ಲಿ ಬಿದ್ದಿರುವ ಇನ್ನೊಂದು ಜೋಡಿ ಸ್ಪೀಕರನ್ನು ಅದಕ್ಕೆ ಸಿಕ್ಕಿಸಿ, ವಿಂಡೋಸ್‌ನಲ್ಲಿ ‘ಕ್ವಾಡ್ರಫೋನಿಕ್’ (ನಾಲ್ಕು ಸ್ಪೀಕರ್‌ಗೆ ನಾಲ್ಕು ಸದ್ದು) ಆರಿಸಿ. ಆಟಗಳಲ್ಲಿ ಬೆನ್ನ ಹಿಂದಿನ ಹೆಜ್ಜೆ ಬೆನ್ನ ಹಿಂದೆಯೇ ಕೇಳುತ್ತದೆ. ಹಿಂದಿನ ಜೋಡಿಯ ಸದ್ದು ತುಸು ಕಡಿಮೆಯಿರಲಿ.