ಮಗಳ ಕೋರ್ಸಿಗೆ ಇಂಗ್ಲೆಂಡ್ ಸರ್ಕಾರದ ಹಣ ಸಿಗುತ್ತದೆಯೇ?

ಪ್ರಶ್ನೆ: ಮಗಳು 2023ರ ನವೆಂಬರ್ 12ರಂದು ಗಂಡನ ಜೊತೆ ಇಂಗ್ಲೆಂಡಿನ ಲೆಸ್ಟರ್‌ಗೆ ಹೋದಳು. ಅಳಿಯನದು ಸ್ಕಿಲ್ಡ್ ವರ್ಕರ್ ವೀಸಾ, ಇವಳದು ಡಿಪೆಂಡೆಂಟ್. ನಡುವೆ ಬಾಣಂತನಕ್ಕೆ ಬಂದು ನಾಲ್ಕು ತಿಂಗಳು ನಮ್ಮಲ್ಲಿದ್ದಳು. 2026ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಕಾಲೇಜಿನಲ್ಲಿ ಅಕೌಂಟಿಂಗ್ ಕೋರ್ಸ್ ಸೇರಬೇಕೆಂದಿದ್ದಾಳೆ. ಸರ್ಕಾರವೇ ಫೀಸು ಕೊಡುತ್ತದೆ ಅಂತ ಕೆಲವರು. ಸಾರ್ವಜನಿಕ ನೆರವು ಪಡೆಯುವಂತಿಲ್ಲ ಅಂತ ವೀಸಾದಲ್ಲೇ ಇದೆ, ತಗೊಂಡರೆ ತೊಂದರೆ ಅಂತ ಇನ್ನು ಕೆಲವರು. ಇಲ್ಲಿಯ ನಾಡಕಚೇರಿಯಿಂದ ವಾಸಸ್ಥಳದ ಪತ್ರ ಮಾಡಿಸಿ ಕಳಿಸಬೇಕೇ?
— ಒಬ್ಬ ತಂದೆ, ಕುಮಟಾ

ಉತ್ತರ: ವೀಸಾದ ಆ ಸಾಲಿಗೆ ಹೆದರಬೇಡಿ. ಅದು ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಭತ್ಯೆ), ಸರ್ಕಾರಿ ವಸತಿ ಇಂಥವಕ್ಕೆ ಸಂಬಂಧಿಸಿದ್ದು. ಶಿಕ್ಷಣಕ್ಕೆ ಕೊಡುವ ಹಣ ಆ ಪಟ್ಟಿಯಲ್ಲಿ ಇಲ್ಲ. ನಾಡಕಚೇರಿಗೂ ಅಲೆಯಬೇಡಿ. ಕುಮಟಾದಲ್ಲಿ ವಾಸ ಅಂತ ಪತ್ರ ಕೊಟ್ಟರೆ ಕೆಲಸ ಕೆಡುವುದೇ ಜಾಸ್ತಿ, ಯಾಕೆಂದರೆ ಅವರಿಗೆ ಬೇಕಿರುವುದು ಅಲ್ಲಿ ವಾಸವಿದ್ದ ಪುರಾವೆ!

ನಿಜವಾದ ತೊಡಕು ತಾರೀಖಿನದು. 19 ದಾಟಿದವರ ಕೋರ್ಸುಗಳಿಗೆ ಇಂಗ್ಲೆಂಡಿನಲ್ಲಿ ಅಡಲ್ಟ್ ಸ್ಕಿಲ್ಸ್ ಫಂಡ್ ಇದೆ. 2024ರ ಆಗಸ್ಟ್‌ಗೆ ಮೊದಲು ಅದಕ್ಕೆ ಅಡಲ್ಟ್ ಎಜುಕೇಶನ್ ಬಜೆಟ್ ಅನ್ನುತ್ತಿದ್ದರು. ನಿಮ್ಮ ಮಗಳಂಥವರಿಗೆ ಎರಡು ಷರತ್ತು. ವೀಸಾ ಓದಿಗಾಗಿ ಕೊಟ್ಟದ್ದಾಗಿರಬಾರದು. ಕೋರ್ಸ್ ಶುರುವಾಗುವ ದಿನಕ್ಕೆ ಅಲ್ಲಿ ಮೂರು ವರ್ಷ ವಾಸ ಆಗಿರಬೇಕು. ಮೊದಲನೆಯದಕ್ಕೆ ಅಡ್ಡಿಯಿಲ್ಲ. ಎರಡನೆಯದು? ಸೆಪ್ಟೆಂಬರಿಗೆ ಎರಡು ವರ್ಷ ಹತ್ತು ತಿಂಗಳಷ್ಟೇ ಆಗುತ್ತದೆ. ಎರಡು ತಿಂಗಳು ತಾನೇ ಅಂತ ಕಾಲೇಜಿನವರು ಬಿಡುವುದಿಲ್ಲ. ಪುರಾವೆ ನೋಡಿ ದಾಖಲೆ ಇಡುವ ಹೊಣೆ ಅವರದು. ಜನವರಿಯಲ್ಲಿ ಬ್ಯಾಚ್ ಇದೆಯೇ ಅಂತ ಈಗಲೇ ಕೇಳಲಿ. ನಾನಾಗಿದ್ದರೆ ಸುಮ್ನೆ ಅಷ್ಟು ಕಾಯುತ್ತಿದ್ದೆ. ಡಿಪೆಂಡೆಂಟ್ ವೀಸಾದಲ್ಲಿ ಓದಲು ತಡೆಯಿಲ್ಲ, ಸೆಪ್ಟೆಂಬರಿನಲ್ಲೂ ಸೇರಬಹುದು. ಆದರೆ ಫೀಸು ಕೈಯಿಂದ ಹೋಗುತ್ತದೆ.

ಬಾಣಂತನದ ನಾಲ್ಕು ತಿಂಗಳ ಚಿಂತೆ ಬೇಡ. ಮನೆ ಅಲ್ಲೇ ಇದ್ದು, ಸ್ವಲ್ಪ ಕಾಲ ಹೊರಗೆ ಬಂದು ಮರಳಿದರೆ ವಾಸ ಮುರಿದಂತಲ್ಲ. ಆ ತಿಂಗಳುಗಳ ಮನೆ ಬಾಡಿಗೆ ಕರಾರು, ಹೋಗಿ ಬಂದ ಟಿಕೆಟ್ ಇಟ್ಟುಕೊಂಡಿರಲಿ.

ದಾಖಲೆ ಕೇಳಿದಾಗ ಪಾಸ್‌ಪೋರ್ಟಿನ ಜೊತೆ ಇ-ವೀಸಾದ (ಆನ್‌ಲೈನ್ ವೀಸಾ ದಾಖಲೆ) ಶೇರ್ ಕೋಡ್ ಕೊಡಬೇಕು, ಅದನ್ನು ಹಾಕಿ ಕಾಲೇಜಿನವರು ವೀಸಾ ವಿವರ ನೋಡುತ್ತಾರೆ. ಸರ್ಕಾರದ ವೆಬ್‌ಸೈಟಿನಲ್ಲಿ ತೆಗೆಯುವ ಈ ಒಂಬತ್ತು ಅಕ್ಷರದ ಕೋಡ್ 90 ದಿನ ನಡೆಯುತ್ತದೆ. ಹಾಗಾಗಿ ಅಡ್ಮಿಷನ್ ಹತ್ತಿರ ಬಂದಾಗ ತೆಗೆದರೆ ಸಾಕು. ವೀಸಾ ವಿವರ ಇರುತ್ತಿದ್ದ ಮೊದಲಿನ ಬಿಆರ್‌ಪಿ ಗುರುತಿನ ಕಾರ್ಡನ್ನು ನೆಚ್ಚಿಕೊಳ್ಳಬೇಡಿ, ಅವುಗಳ ಅವಧಿ 2024ರ ಡಿಸೆಂಬರ್ 31ಕ್ಕೇ ಮುಗಿದಿದೆ.

ಇಷ್ಟಾದರೂ ಪೂರ್ತಿ ಫೀಸು ಮಾಫಿ ಅಂತಲ್ಲ. ಆದಾಯ, ಕೋರ್ಸಿನ ಮಟ್ಟ, ಹಿಂದಿನ ಓದು ಎಲ್ಲ ನೋಡುತ್ತಾರೆ. ಇಲ್ಲಿ ಡಿಗ್ರಿ ಆಗಿದ್ದರೆ ಮುಚ್ಚಿಡದೆ ಹೇಳಲಿ. ನಿಯಮಗಳು ಆಗಸ್ಟ್‌ನಿಂದ ಜುಲೈವರೆಗಿನ ಒಂದೊಂದು ವರ್ಷಕ್ಕೆ ಹೊಸದಾಗಿ ಬರುತ್ತವೆ. ಹಾಗಾಗಿ ಸೇರುವ ವರ್ಷದ ನಿಯಮವನ್ನೇ ಕಾಲೇಜಿನಿಂದ ಬರಹದಲ್ಲಿ ಕೇಳಲಿ. ಮುಂದೆ ಯೂನಿವರ್ಸಿಟಿ ಡಿಗ್ರಿ ಮಾಡುವ ಆಸೆ ಇದ್ದರೆ ಅದರ ಸಾಲಕ್ಕೆ ಲೆಕ್ಕವೇ ಬೇರೆ. ಅಲ್ಲಿ ಸಾಮಾನ್ಯವಾಗಿ ಶಾಶ್ವತ ವಾಸದ ಹಕ್ಕು ಕೇಳುತ್ತಾರೆ, ಮೂರು ವರ್ಷವೊಂದೇ ಸಾಲದು.